ನಿರಾಶ್ರಿತರಿಗೂ ಗೋಡೆ ಬೇಕು

ಅನ್ನ, ಬಟ್ಟೆ, ವಸತಿ ಇವು ಮೂರು ಮನುಷ್ಯನ ಮೂಲಭೂತ ಅವಶ್ಯಕತೆಗಳೆಂದು ಸಮಾಜ ಪಾಠದಲ್ಲಿ ನೀವೆಲ್ಲರೂ ಓದಿದ್ದೀರಿ. ಮೊದಲಿನ ಎರಡನ್ನು ಲಾರಿಯಲ್ಲಿ ತಂದು ಹಂಚಬಹುದು. ಮೂರನೆಯದನ್ನು ಹಾಗೆ ಹಂಚಿ ಮುಗಿಸಲಾಗದು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಸ್ವಂತ ಊರಿನಲ್ಲಿ ಮನೆ ಕಟ್ಟುವುದೇ ಅಷ್ಟು ಕಷ್ಟವಾದರೆ, ಊರನ್ನೂ ದೇಶವನ್ನೂ ಬಿಟ್ಟು ಉಟ್ಟ ಬಟ್ಟೆಯಲ್ಲಿ ಓಡಿಬಂದವರ ಪಾಡೇನು? ಸಿರಿಯಾ ದೇಶದ ನಿರಾಶ್ರಿತರ ಕಥೆ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

2011ರಲ್ಲಿ ಸಿರಿಯಾದ ದರಾ ಎಂಬ ಪಟ್ಟಣದಲ್ಲಿ, ಶಾಲೆಯ ಗೋಡೆಯ ಮೇಲೆ ಸರಕಾರದ ವಿರುದ್ಧ ಬರೆದರೆಂದು ಕೆಲವು ಹುಡುಗರನ್ನು ಸೆರೆಹಿಡಿದರು. ಅದನ್ನು ಪ್ರತಿಭಟಿಸಿ ಜನ ಬೀದಿಗಿಳಿದರು. ಚಳುವಳಿಯನ್ನು ಗುಂಡಿನಿಂದ ಅಡಗಿಸಲು ಹೋದುದರ ಫಲವಾಗಿ ಅಂತರ್ಯುದ್ಧವೇ ಹತ್ತಿಕೊಂಡಿತು. ದೇಶದ ಅರ್ಧದಷ್ಟು ಜನ ಮನೆ ಬಿಡಬೇಕಾಯಿತು. ಐವತ್ತು ಲಕ್ಷಕ್ಕೂ ಹೆಚ್ಚು ಮಂದಿ ತುರ್ಕಿ, ಲೆಬನಾನ್, ಜೋರ್ಡಾನ್, ಇರಾಕ್ ಮೊದಲಾದ ದೇಶಗಳನ್ನು ಸೇರಿದರು. ಇವರಲ್ಲಿ ಬಹುಪಾಲು ಜನ ಪೇಟೆಗಳಲ್ಲಿ ಬಾಡಿಗೆಗೆ ನಿಂತರು. ಬಾಡಿಗೆ ಕೊಡಲಾರದ ಲಕ್ಷಾಂತರ ಮಂದಿಗೆ ಶಿಬಿರವೇ ಗತಿಯಾಯಿತು.

ಜೋರ್ಡಾನಿನ ಝಾತರಿ ಶಿಬಿರ ಇವುಗಳಲ್ಲಿ ಪ್ರಸಿದ್ಧವಾದುದು. 2012ರ ಜುಲೈಯಲ್ಲಿ ಮರುಭೂಮಿಯ ಬಯಲಿನಲ್ಲಿ ಸಾಲು ಡೇರೆಗಳನ್ನು ಹೊಡೆದು ಇದನ್ನು ಆರಂಭಿಸಿದರು. ಒಂದು ವರ್ಷದೊಳಗೆ ಅಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ತುಂಬಿದರು. 2013ರ ಜನವರಿಯಲ್ಲಿ ಸುರಿದ ಮಳೆಗೆ ಡೇರೆಗಳೊಳಗೆ ನೀರು ನುಗ್ಗಿತು. ಮುಳಿಹುಲ್ಲಿನ ಮಾಡಿನ ಮನೆಗಳಲ್ಲಿ ಬಾಳಿದ ನಮ್ಮ ಕಾಸರಗೋಡಿನ ಹಿರಿಯರಿಗೆ ಒಂದು ಮಾತು ಗೊತ್ತಿತ್ತು: ಮಾಡು ಎಷ್ಟೇ ಬಡವಾಗಿರಲಿ, ಪಂಚಾಂಗ ಎತ್ತರವಾಗಿರಬೇಕು. ಡೇರೆಗೆ ಪಂಚಾಂಗವೇ ಇಲ್ಲ. ಬೇಸಗೆಯಲ್ಲಿ ಅದು ಒಲೆ, ಚಳಿಗಾಲದಲ್ಲಿ ಮಂಜುಗಡ್ಡೆ. ಅದಕ್ಕೆ ಬೀಗವಿಲ್ಲ, ಕೋಣೆಯಿಲ್ಲ. ಬೆಂಕಿ ತಗಲಿದರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬೂದಿ. ರಾತ್ರಿ ಹೆಣ್ಣುಮಕ್ಕಳು ಕತ್ತಲಲ್ಲಿ ದೂರದ ಸಾಮೂಹಿಕ ಶೌಚಾಲಯಕ್ಕೆ ನಡೆಯಬೇಕು.

ಮುಂದೆ ಡೇರೆಗಳ ಬದಲು ತಗಡಿನ ಸಿದ್ಧ ಕೋಣೆಗಳು ಬಂದವು. ಅಧಿಕಾರಿಗಳು ಅವುಗಳನ್ನು ನೇರ ಸಾಲಿನಲ್ಲಿ ಇರಿಸಿದ್ದರು. ಜನರಾದರೋ ಅವುಗಳನ್ನು ಎಳೆದುಕೊಂಡು ಹೋಗಿ ನೆಂಟರ ಕೋಣೆಗಳ ಪಕ್ಕದಲ್ಲಿಟ್ಟರು. ನಡುವೆ ಅಂಗಳ ಮಾಡಿಕೊಂಡರು. ಮನೆಗೊಂದು ಶೌಚಾಲಯ ಕಟ್ಟಿಕೊಂಡರು. ಬೀದಿ ದೀಪದ ಕಂಬದಿಂದ ತಂತಿ ಎಳೆದು ಬೆಳಕು ಪಡೆದರು. ಶಿಬಿರದ ಮುಖ್ಯ ಬೀದಿ ದೊಡ್ಡ ಪೇಟೆಯೇ ಆಯಿತು. ಮೊದಮೊದಲು ಇದನ್ನು ಶಿಸ್ತಿಲ್ಲದ ನಡತೆಯೆಂದು ತಿಳಿದವರಿದ್ದರು. ಆದರೆ ಮನೆಯೆಂದರೆ ಏನೆಂಬುದನ್ನು ನಕ್ಷೆ ಬರೆದವರಿಗಿಂತ ಅದರಲ್ಲಿ ಮಲಗುವವರು ಚೆನ್ನಾಗಿ ಬಲ್ಲರು. 2017ರ ನವೆಂಬರಿನಲ್ಲಿ ಅಲ್ಲಿ 12.9 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಘಟಕ ಆರಂಭವಾದ ಮೇಲೆ ವಿದ್ಯುತ್ತು ಸಿಗುವ ವೇಳೆ ಹೆಚ್ಚಿತು. ಸಂಜೆ ಪುಸ್ತಕ ತೆರೆಯುವ ಮಗುವಿಗೆ ಇದು ಸಣ್ಣ ಮಾತಲ್ಲ.

ಇದಕ್ಕೆ ಹೋಲಿಸಿ ಅಜ್ರಕ್ ಶಿಬಿರವನ್ನು ನೋಡಬೇಕು. 2014ರಲ್ಲಿ ಅದೇ ಜೋರ್ಡಾನಿನಲ್ಲಿ, ಮೊದಲೇ ಯೋಜನೆ ಹಾಕಿ ತೆರೆದ ಶಿಬಿರವಿದು. ಕುಟುಂಬಕ್ಕೊಂದರಂತೆ ಸುಮಾರು 24 ಚದರ ಮೀಟರಿನ, ಉಕ್ಕಿನ ಚೌಕಟ್ಟಿಗೆ ತಗಡು ಹೊದಿಸಿದ ಕೋಣೆ. ಎಲ್ಲವೂ ಅಚ್ಚುಕಟ್ಟು. ಆದರೆ 2017ರವರೆಗೆ ಆ ಕೋಣೆಗಳಿಗೆ ವಿದ್ಯುತ್ತಿರಲಿಲ್ಲ. ಮರುಭೂಮಿಯ ಬಿಸಿಲಿಗೆ ಕಾದ ತಗಡಿನ ಕೆಳಗೆ ಬೀಸಣಿಗೆಯೂ ಇಲ್ಲದೆ ಸಂಸಾರ ಸಾಗಿತು. ಅಚ್ಚುಕಟ್ಟಾದುದೆಲ್ಲ ವಾಸಯೋಗ್ಯವಲ್ಲವೆಂಬ ಪಾಠ ಇದರಲ್ಲಿದೆ.

ಲೆಬನಾನಿನ ಸ್ಥಿತಿ ಇನ್ನೂ ಕಷ್ಟದ್ದು. ಅಲ್ಲಿ ಸಿರಿಯಾದವರಿಗಾಗಿ ಸರಕಾರ ಶಿಬಿರಗಳನ್ನೇ ತೆರೆಯಲಿಲ್ಲ. ಬೆಕಾ ಕಣಿವೆಯ ಹೊಲಗಳಲ್ಲಿ ಜಮೀನಿನ ಒಡೆಯರಿಗೆ ಬಾಡಿಗೆ ತೆತ್ತು, ಮರದ ಕಂಬ ನೆಟ್ಟು ಪ್ಲಾಸ್ಟಿಕ್ ಹಾಳೆ ಹೊದಿಸಿ ಜನ ಬದುಕಿದರು. ಅರ್ಸಾಲ್ ಎಂಬಲ್ಲಿ ಕೆಲವರು ಚಳಿ ತಾಳಲಾರದೆ ಸಿಮೆಂಟ್ ಇಟ್ಟಿಗೆಯ ಗೋಡೆ ಕಟ್ಟಿಕೊಂಡಿದ್ದರು. 2019ರಲ್ಲಿ ಅಂತಹ ಗೋಡೆಗಳನ್ನು ಒಡೆಯಬೇಕೆಂದು ಆಜ್ಞೆಯಾಯಿತು. ಮರ ಮತ್ತು ಪ್ಲಾಸ್ಟಿಕ್ ಇರಬಹುದು, ಗಟ್ಟಿ ಗೋಡೆ ಕೂಡದು! ಆ ಗೋಡೆಗಳ ಮೇಲಿದ್ದ ಆಕ್ಷೇಪವೆಂದರೆ ಅವು ಬಾಳಿಕೆ ಬರುತ್ತವೆ ಎಂಬುದೇ.

ನಿರಾಶ್ರಿತರ ವಸತಿ ಸುಧಾರಿಸದಿರುವುದಕ್ಕೆ ಹಣದ ಕೊರತೆಯೊಂದೇ ಕಾರಣವಲ್ಲ. 'ತಾತ್ಕಾಲಿಕ' ಎಂಬ ಶಬ್ದವೇ ದೊಡ್ಡ ಕಾರಣವೆಂದು ನನ್ನ ಅಭಿಪ್ರಾಯ. ಇಂದು ಬಂದವರು ನಾಳೆ ಹೋಗುವರೆಂದು ನಂಬಿ ಡೇರೆ ಕೊಡುತ್ತಾರೆ. ನಾಳೆ ಹತ್ತು ವರ್ಷವಾಗುತ್ತದೆ. ಕೆಲವೇ ವರ್ಷಗಳ ಬಾಳಿಕೆಗೆಂದು ಮಾಡಿದ ತಗಡಿನ ಕೋಣೆ ತುಕ್ಕು ಹಿಡಿದು ಸೋರುತ್ತಿದ್ದರೂ ಅದರಲ್ಲೇ ಮಕ್ಕಳು ಹುಟ್ಟಿ ಬೆಳೆಯುತ್ತಾರೆ. ಝಾತರಿ ಆರಂಭವಾದ ವರ್ಷ ಅಲ್ಲಿ ಹುಟ್ಟಿದ ಕೂಸು ಇಂದು ನಿಮ್ಮ ವಯಸ್ಸಿನದು.

ಆಶ್ರಯ ಕೊಟ್ಟ ದೇಶಗಳ ಅಂಜಿಕೆಯನ್ನು ತಳ್ಳಿಹಾಕುವಂತಿಲ್ಲ. 1948ರಲ್ಲಿ ಬಂದ ಪ್ಯಾಲೆಸ್ಟೀನಿನ ನಿರಾಶ್ರಿತರು ಸ್ವಲ್ಪ ಕಾಲಕ್ಕೆಂದು ಬಂದು, ತಲೆಮಾರುಗಳು ಕಳೆದರೂ ಮರಳಲಾಗಲಿಲ್ಲ. ಲೆಬನಾನ್ ಪುಟ್ಟ ದೇಶ; ಜೋರ್ಡಾನಿನಲ್ಲಿ ತಮ್ಮ ಜನರಿಗೇ ನೀರು ಸಾಲದು. ಗೋಡೆ ಕಟ್ಟಲು ಬಿಟ್ಟರೆ ಇಲ್ಲೇ ಬೇರೂರುತ್ತಾರೆಂಬ ಶಂಕೆ ಅವರದು. ಆದರೆ ಗೋಡೆಯಿಂದ ಪೌರತ್ವ ಬರುವುದಿಲ್ಲ. 1960ರ ದಶಕದ ಆರಂಭದಲ್ಲಿ ಅಂದಿನ ಮೈಸೂರು ಸರಕಾರ ಬೈಲುಕುಪ್ಪೆಯಲ್ಲಿ ಟಿಬೆಟಿನ ನಿರಾಶ್ರಿತರಿಗೆ ಸುಮಾರು 3,000 ಎಕರೆ ಜಮೀನನ್ನು ಗೇಣಿಗೆ ಕೊಟ್ಟಿತು. ಅವರು ಕಾಡು ಕಡಿದು, ಬೇಸಾಯ ಮಾಡಿ, ಮನೆಗಳನ್ನು ಕಟ್ಟಿಕೊಂಡರು. ಗಟ್ಟಿ ಮನೆಯಲ್ಲಿ ಬಾಳಿದ ಮಾತ್ರಕ್ಕೆ ಅವರು ತಾಯ್ನಾಡನ್ನು ಮರೆತರೇ? ಮರೆಯಲಿಲ್ಲ. ನಾಡಿಗೂ ಅದರಿಂದ ಕೇಡಾಗಲಿಲ್ಲ.

ಹಾಗಾದರೆ ಮಾಡಬೇಕಾದುದೇನು? ನಿರಾಶ್ರಿತರ ನೆರವಿಗಾಗಿ ಅಂತರರಾಷ್ಟ್ರೀಯ ಸಂಸ್ಥೆಗಳು ಒಪ್ಪಿದ 'ಸ್ಫಿಯರ್' ಎಂಬ ಕೈಪಿಡಿಯಿದೆ. ಅಡಿಗೆ, ಸ್ನಾನಗಳ ಜಾಗವನ್ನು ಬಿಟ್ಟು ತಲೆಯೊಂದಕ್ಕೆ ಕನಿಷ್ಠ 3.5 ಚದರ ಮೀಟರ್ ಮಾಡಿನಡಿಯ ಜಾಗವಿರಬೇಕೆಂದು ಅದು ಹೇಳುತ್ತದೆ. ಎರಡು ಮಂಚ ಹಾಕಿದರೆ ತುಂಬುವಷ್ಟು ಜಾಗ. ಇಷ್ಟನ್ನಾದರೂ ತಪ್ಪದೆ ಕೊಡಬೇಕು. ನೆಲವನ್ನು ಎತ್ತರಿಸಿ ನೀರು ಹರಿಯಲು ಚರಂಡಿ ತೋಡಬೇಕು. ತಗಡಿನ ಒಳಮೈಗೆ ಬಿಸಿಲು, ಚಳಿ ತಡೆಯುವ ಹೊದಿಕೆ ಬೇಕು. ಬೆಂಕಿ ಹರಡದಂತೆ ಸಾಲುಗಳ ನಡುವೆ ಅಂತರ ಬಿಡಬೇಕು. ಶೌಚಾಲಯ ಮನೆಯ ಹತ್ತಿರವಿರಬೇಕು, ದಾರಿಯಲ್ಲಿ ದೀಪವಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮನೆ ಹೇಗಿರಬೇಕೆಂದು ಅದರಲ್ಲಿ ಬಾಳುವವರನ್ನು, ಅದರಲ್ಲೂ ಹೆಂಗಸರನ್ನು ಕೇಳಬೇಕು. ನಿರಾಶ್ರಿತರಲ್ಲಿ ಗಾರೆಯವರಿದ್ದಾರೆ, ಬಡಗಿಗಳಿದ್ದಾರೆ. ಸಾಮಗ್ರಿಯನ್ನೂ ಅನುಮತಿಯನ್ನೂ ಕೊಟ್ಟರೆ ಅವರೇ ಕಟ್ಟಿಕೊಳ್ಳಬಲ್ಲರು.

2024ರ ಡಿಸೆಂಬರಿನಲ್ಲಿ ಸಿರಿಯಾದ ಹಳೆಯ ಸರಕಾರ ಉರುಳಿತು. ಅಂದಿನಿಂದ ಲಕ್ಷ ಲಕ್ಷ ಜನ ಮರಳಿದ್ದಾರೆ. ಇಷ್ಟಕ್ಕೆ ಜಗತ್ತು ಕೈತೊಳೆದುಕೊಂಡರೆ ಅದು ಎರಡನೆಯ ಅನ್ಯಾಯವಾದೀತು. ಮರಳಿದ ಎಷ್ಟೋ ಮಂದಿ ಕಂಡದ್ದು ಮಾಡಿಲ್ಲದ ಮನೆಯನ್ನು, ಕಲ್ಲಿನ ರಾಶಿಯನ್ನು. ಅದರ ಪಕ್ಕದಲ್ಲೇ ಮತ್ತೆ ಡೇರೆ ಹೊಡೆಯಬೇಕಾದ ಕುಟುಂಬಗಳೂ ಇವೆ. ಹೋಗಲಾರದೆ ಶಿಬಿರಗಳಲ್ಲಿ ಉಳಿದವರೂ ಇದ್ದಾರೆ. ಮುರಿದ ಮನೆಯ ದುರಸ್ತಿಗೂ ಉಳಿದವರ ಮಾಡಿಗೂ ಒಟ್ಟಿಗೆ ಹಣ ಒದಗಬೇಕು.

ವಿದ್ಯಾರ್ಥಿ ಮಿತ್ರರೇ, ಅಷ್ಟು ದೂರದ ದೇಶಕ್ಕೆ ನಾವೇನು ಮಾಡಬಲ್ಲೆವು ಎಂದು ನೀವು ಕೇಳಬಹುದು. ನಾಳೆ ನಿಮ್ಮಲ್ಲಿ ಇಂಜಿನಿಯರರು, ಅಧಿಕಾರಿಗಳು, ಪಂಚಾಯತಿನ ಸದಸ್ಯರು ಆಗುವವರಿದ್ದೀರಿ. ನೆರೆಯಿಂದಲೋ ಗುಡ್ಡ ಕುಸಿತದಿಂದಲೋ ಮನೆ ಕಳಕೊಂಡವರು ನಿಮ್ಮ ಮುಂದೆ ನಿಲ್ಲುವ ದಿನ ಬಂದೀತು. ಆಗ 'ಸದ್ಯಕ್ಕೆ ಇಷ್ಟು ಸಾಕು' ಎಂದು ರುಜು ಹಾಕುವ ಮೊದಲು, ಆ ಸದ್ಯ ಎಷ್ಟು ವರ್ಷದ್ದೆಂದು ಒಮ್ಮೆ ಲೆಕ್ಕ ಹಾಕಿರಿ.