ಹೊಟ್ಟೆಯ ಮೇಲಿನ ಚೀಲ: ಸಂಘಗಳು ಮೌನ ಮುರಿಯಲಿ

ಮುಂಬಯಿಯ ಕನ್ನಡ ಸಂಘಗಳು ಆರೋಗ್ಯ ಶಿಬಿರ ಏರ್ಪಡಿಸುವುದರಲ್ಲಿ ಎಂದೂ ಹಿಂದೆ ಬಿದ್ದಿಲ್ಲ. ಆದರೆ ರಕ್ತದೊತ್ತಡ, ಮಧುಮೇಹ, ಕಣ್ಣಿನ ತಪಾಸಣೆಯ ಆಚೆಗೆ ಇಲಿಯಾಸ್ಟಮಿಯಂತಹ ವಿಷಯ ಅಲ್ಲಿ ಕೇಳಿಬರುವುದು ಅಪರೂಪ. ಈ ಶಸ್ತ್ರಚಿಕಿತ್ಸೆಗೆ ಒಳಗಾದ ಎಷ್ಟೋ ಸದಸ್ಯರು ಸಂಕೋಚದಿಂದ ಸಭೆ-ಸಮಾರಂಭಗಳಿಂದಲೇ ದೂರ ಉಳಿಯುತ್ತಾರೆ.

ಕ್ಯಾನ್ಸರ್, ಕರುಳಿನ ಹುಣ್ಣು, ಕರುಳಿನ ಕ್ಷಯ ಮುಂತಾದ ಕಾಯಿಲೆಗಳಲ್ಲಿ ಕೆಲವೊಮ್ಮೆ ಸಣ್ಣ ಕರುಳನ್ನು ಹೊಟ್ಟೆಯ ಮೇಲೆ ತೆರೆದು ಚೀಲ ಅಂಟಿಸುತ್ತಾರೆ. ನೀರು ಮತ್ತು ಉಪ್ಪನ್ನು ಹೀರಿಕೊಳ್ಳುವುದು ದೊಡ್ಡ ಕರುಳಿನ ಕೆಲಸ. ಆಹಾರ ಅಲ್ಲಿಗೆ ತಲುಪದ ಕಾರಣ ಮಲ ತೆಳುವಾಗಿಯೇ ಇರುತ್ತದೆ. ದಿನಕ್ಕೆ ಅರ್ಧದಿಂದ ಒಂದು ಲೀಟರ್ ಹೋಗುವುದು ಸಹಜ. ಒಂದೂವರೆ ಲೀಟರ್ ಮೀರಿದರೆ ನಿರ್ಜಲೀಕರಣ ಉಂಟಾಗಿ ಮೂತ್ರಪಿಂಡಕ್ಕೂ ಅಪಾಯವಾಗಬಹುದು.

ಇಂತಹವರಿಗೆ 'ಚೆನ್ನಾಗಿ ನೀರು ಕುಡಿಯಿರಿ' ಎಂಬ ಸಲಹೆ ಎಲ್ಲರಿಂದಲೂ ಸಿಗುತ್ತದೆ. ಉದ್ದೇಶ ಒಳ್ಳೆಯದೇ. ಆದರೆ ಮಲ ನೀರಿನಂತೆ ಹೋಗುತ್ತಿರುವಾಗ ಬರೀ ನೀರು, ಚಹಾ, ಸಿಹಿ ಶರಬತ್ತುಗಳನ್ನು ಹೆಚ್ಚು ಕುಡಿದಷ್ಟೂ ದೇಹದ ಉಪ್ಪು ಹೊರಹೋಗುತ್ತದೆ. ಎಳನೀರಿನಲ್ಲಿಯೂ ಸೋಡಿಯಂ ಕಡಿಮೆ. ಬೇಕಾದುದು ಓಆರ್‌ಎಸ್, ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಕುಡಿಯಬೇಕು. ಅನ್ನ, ಬಾಳೆಹಣ್ಣು, ಬೇಯಿಸಿದ ಬಟಾಟೆ ಮಲವನ್ನು ಗಟ್ಟಿ ಮಾಡುತ್ತವೆ. ಊಟದ ಜತೆಗೇ ನೀರು ಕುಡಿಯದೆ ಅರ್ಧ ಗಂಟೆ ಬಿಡುವುದು ಲೇಸು. ಲೊಪೆರಮೈಡ್ ಮಾತ್ರೆಯನ್ನು ವೈದ್ಯರು ಹೇಳಿದರೆ ಮಾತ್ರ ತೆಗೆದುಕೊಳ್ಳಬೇಕು. ಚೀಲ ಮೂರನೇ ಒಂದು ಭಾಗ ತುಂಬಿದೊಡನೆ ಖಾಲಿ ಮಾಡಿದರೆ ಸೋರುವ ಭಯ ಕಡಿಮೆ. ತಲೆ ಸುತ್ತು, ಮೂತ್ರ ಕಡಿಮೆಯಾಗುವುದು, ಅಥವಾ ಮಲ ಪೂರ್ತಿ ನಿಂತು ಹೊಟ್ಟೆನೋವು ಬರುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇಷ್ಟು ಪಾಲಿಸುವವರು ವಿರಾರಿನಿಂದ ಚರ್ಚ್‌ಗೇಟ್‌ವರೆಗೆ ಲೋಕಲ್ ರೈಲಿನಲ್ಲಿ ಓಡಾಡಿ ನೌಕರಿ ಮಾಡಬಲ್ಲರು. ಅವರನ್ನು ತಡೆಯುವುದು ಕಾಯಿಲೆಗಿಂತ ಹೆಚ್ಚಾಗಿ ಜನರ ನೋಟ. ಇದು ಅಂಟುರೋಗವಲ್ಲ. ಸರಿಯಾಗಿ ಅಂಟಿಸಿದ ಚೀಲದಿಂದ ವಾಸನೆಯೂ ಬಾರದು. ಹೀಗಿರುವಾಗ ಪೂಜೆಯ ಪಂಕ್ತಿಯಲ್ಲಿ ಮೈಲಿಗೆಯ ಮಾತೇಕೆ?

ಇದು ಖಾಸಗಿ ವಿಷಯ, ಸಂಘಕ್ಕೇನು ಕೆಲಸ ಎನ್ನುವವರಿರಬಹುದು. ಯಾರ ಹೆಸರನ್ನೂ ಕೇಳಬೇಕಾಗಿಲ್ಲ. ಸಭಾಗೃಹದ ಶೌಚಾಲಯದಲ್ಲಿ ನೀರು, ಚಿಲಕ, ಕಸದ ಬುಟ್ಟಿ ಇರುವಂತೆ ನೋಡಿಕೊಂಡರೆ ಸಾಕು. ಬಡಿಸುವವರು ಕೋಸಂಬರಿ, ತೆಂಗಿನಕಾಯಿ ತುಂಬಿದ ಪಲ್ಯವನ್ನು ಒತ್ತಾಯಿಸದೆ ಮೊಸರನ್ನ ನೀಡಲಿ. ನಾರು ಹೆಚ್ಚಿರುವ ಆಹಾರ ಇವರ ಕರುಳಿನಲ್ಲಿ ಸಿಕ್ಕಿಕೊಳ್ಳಬಹುದು. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಸ್ಟೋಮಾ ಕ್ಲಿನಿಕ್ ಇದೆ. ಮುಂದಿನ ಶಿಬಿರದಲ್ಲಿ ಈ ವಿಷಯ ಬಲ್ಲ ದಾದಿಯರೊಬ್ಬರಿಂದ ಅರ್ಧ ಗಂಟೆ ಮಾಹಿತಿ ಕೊಡಿಸುವುದು ಸಂಘಗಳಿಗೆ ಭಾರವಾಗದು. ಪರವೂರಿನಲ್ಲಿ ಕಷ್ಟಸುಖಕ್ಕೆ ಒದಗಲೆಂದೇ ಹಿರಿಯರು ಈ ಸಂಘಗಳನ್ನು ಕಟ್ಟಿದ್ದಾರೆ. ಮನೆಯಲ್ಲೇ ಉಳಿದ ಸದಸ್ಯರನ್ನು ಮರಳಿ ಕರೆತರುವುದೂ ಆ ಸೇವೆಯ ಭಾಗವೇ.