ಗಿರಿಶಿಬಿರವೂ ನಮ್ಮ ತರುಣರೂ

ಈಚೆಗೆ ನಮ್ಮ ವಿದ್ಯಾವಂತ ಕುಟುಂಬಗಳಲ್ಲಿ ಒಂದು ವಿಚಿತ್ರವಾದ ಒಮ್ಮತವು ಬೆಳೆಯುತ್ತಿರುವುದನ್ನು ವಾಚಕರು ಗಮನಿಸಿರಬಹುದು. ತರುಣರು ಗುಂಪು ಕಟ್ಟಿಕೊಂಡು ಬೆಟ್ಟಕ್ಕೆ ಹೋಗಿ ಅಲ್ಲಿ ಒಂದು ರಾತ್ರಿ ತಂಗುವುದು ಸಲ್ಲದು ಎಂಬುದೇ ಆ ಒಮ್ಮತ. ತಂದೆತಾಯಿಗಳು ಇದನ್ನು ಭಯದಿಂದ ಹೇಳುತ್ತಾರೆ; ಅಧಿಕಾರಿಗಳು ಕಸ, ಕಾಳ್ಗಿಚ್ಚು, ಅಪಘಾತಗಳ ಹೊಣೆಯನ್ನು ನೆನೆದು ಹೇಳುತ್ತಾರೆ; ವೃತ್ತಪತ್ರಿಕೆಗಳು ಯಾರಾದರೂ ಬಂಡೆಯಿಂದ ಜಾರಿ ಬಿದ್ದ ಮರುದಿನ ಹೇಳಿ ಮೂರನೆಯ ದಿನಕ್ಕೆ ಮರೆಯುತ್ತವೆ. ಇಷ್ಟು ಮಂದಿ ಬೇರೆ ಬೇರೆ ಕಾರಣಗಳಿಂದ ಒಂದೇ ತೀರ್ಮಾನಕ್ಕೆ ಬಂದಾಗ ಅದನ್ನು ಪರೀಕ್ಷಿಸಿ ನೋಡುವ ಗೊಡವೆಗೆ ಯಾರೂ ಹೋಗುವುದಿಲ್ಲ. ನಮ್ಮ ಅಭಿಪ್ರಾಯದಲ್ಲಿ ಅದು ತಪ್ಪು ತೀರ್ಮಾನ. ಬರಿಯ ತಪ್ಪಲ್ಲ, ಬಡವರ ಮಕ್ಕಳಿಗೆ ಅನ್ಯಾಯ ಮಾಡುವ ತಪ್ಪು. ಅದಕ್ಕೆ ಕಾರಣವನ್ನು ನಮ್ಮೂರಿನಿಂದಲೇ ಆರಂಭಿಸಿ ಹೇಳುತ್ತೇವೆ.

ನಾಗಸಂದ್ರವೆಂಬ ಹೆಸರಿನಲ್ಲಿರುವ ಸಂದ್ರವು ಸಮುದ್ರದ ರೂಪಾಂತರ. ಸಮುದ್ರವೆಂದರೆ ಹಿಂದಿನವರ ಬಾಯಲ್ಲಿ ಕೆರೆ. ಇಂದು ಇಲ್ಲಿ ಬಂದಿಳಿಯುವವನ ಕಣ್ಣಿಗೆ ಮೊದಲು ಬೀಳುವುದು ಕೆರೆಯಲ್ಲ. ಪೀಣ್ಯದ ಕಾರ್ಖಾನೆಗಳ ಶೀಟಿನ ಮಾಡುಗಳು, ತುಮಕೂರು ರಸ್ತೆಯ ಲಾರಿಗಳು, ತಲೆಯ ಮೇಲೆ ಹಾದುಹೋಗುವ ಮೆಟ್ರೋ ರೈಲು. ಆ ರೈಲು 2015ರ ಮೇ ತಿಂಗಳಲ್ಲಿ ನಾಗಸಂದ್ರಕ್ಕೆ ಬಂತು. 2024ರ ನವೆಂಬರಿನಲ್ಲಿ ಮಾದಾವರದವರೆಗೆ ಮುಂದುವರಿಯಿತು. ಸುತ್ತಣ ಬಾಡಿಗೆ ಕೋಣೆಗಳಲ್ಲಿ ರಾಯಚೂರು, ಕಲಬುರಗಿ, ಚಿತ್ರದುರ್ಗಗಳ ಕಡೆಯಿಂದ ಬಂದ ಹುಡುಗರು ಒಂದೊಂದರಲ್ಲಿ ನಾಲ್ಕೈದು ಮಂದಿಯಂತೆ ವಾಸವಾಗಿದ್ದಾರೆ. ಐ.ಟಿ.ಐ. ಮುಗಿಸಿ ಲೇತಿನ ಮುಂದೆ ಪಾಳಿಯಲ್ಲಿ ನಿಲ್ಲುವ ಈ ಮಕ್ಕಳಿಗೆ ವಾರಕ್ಕೊಂದು ರಜೆ. ರಾತ್ರಿಯೆಂದರೆ ಅವರಿಗೆ ಟ್ಯೂಬ್‌ಲೈಟಿನ ಬೆಳಕು, ಯಂತ್ರದ ಮೊರೆತ; ನಕ್ಷತ್ರಗಳನ್ನು ಅವರು ಬಿಟ್ಟುಬಂದ ಊರಿನಲ್ಲಿಯೇ ಬಿಟ್ಟುಬಂದಿದ್ದಾರೆ.

ಅದೇ ತುಮಕೂರು ರಸ್ತೆಯ ಮೇಲೆ ಶುಕ್ರವಾರ ರಾತ್ರಿ ಹತ್ತು ಗಂಟೆಯ ಹೊತ್ತಿಗೆ ಇನ್ನೊಂದು ಬಗೆಯ ತರುಣರು ಬೆನ್ನಿಗೆ ಚೀಲ ಹಾಕಿಕೊಂಡು ನಿಂತಿರುತ್ತಾರೆ. ಒಬ್ಬರ ಪರಿಚಯ ಒಬ್ಬರಿಗಿಲ್ಲ. ಕೆಲವು ಸಾವಿರ ರೂಪಾಯಿಗಳನ್ನು ಮೊಬೈಲಿನಲ್ಲಿಯೇ ಸಲ್ಲಿಸಿರುವ ಇವರನ್ನು ಒಂದು ಮಿನಿಬಸ್ಸು ಬಂದು ತುಂಬಿಕೊಂಡು ಹೋಗುತ್ತದೆ. ಬೆಳಗಾಗುವುದರೊಳಗೆ ಮಲೆನಾಡು, ತಿಂಡಿ ಸಿದ್ಧ, ಗುಡಾರ ಮೊದಲೇ ಹೂಡಿದೆ, ದಾರಿ ತೋರಿಸುವವನಿಗೆ ಇವರ ಹೆಸರು ಗೊತ್ತಿಲ್ಲ, ಇವರಿಗೆ ಅವನ ಊರು ಗೊತ್ತಿಲ್ಲ. ಭಾನುವಾರ ರಾತ್ರಿ ಅದೇ ಬಸ್ಸು ಇವರನ್ನು ಹತ್ತಿಸಿಕೊಂಡ ಸ್ಥಳದಲ್ಲಿಯೇ ಇಳಿಸುತ್ತದೆ. ಅಂಚೆಯ ಪಾರ್ಸಲಿಗೂ ಈ ಯಾತ್ರಿಕನಿಗೂ ವ್ಯತ್ಯಾಸವೇನೆಂದರೆ, ಪಾರ್ಸಲು ತನ್ನ ಭಾವಚಿತ್ರವನ್ನು ತೆಗೆದುಕೊಳ್ಳುವುದಿಲ್ಲ. ಹಣ ಕೊಟ್ಟು ಸಂತೋಷಪಡುವುದನ್ನು ನಾವು ಪಾಪವೆನ್ನುವವರಲ್ಲ. ಆದರೆ ಇದನ್ನೇ ತರುಣರ ಗಿರಿಶಿಬಿರವೆಂದು ಜನ ತಿಳಿದು, ಇದರ ದೋಷಗಳಿಗಾಗಿ ನಿಜವಾದ ಶಿಬಿರವನ್ನು ದಂಡಿಸುತ್ತಿರುವುದೇ ನಮ್ಮ ದುಃಖಕ್ಕೆ ಕಾರಣ.

2024ರ ಜನವರಿಯಲ್ಲಿ ನಡೆದುದನ್ನು ನೆನೆಯೋಣ. ಗಣರಾಜ್ಯದ ದಿನವು ಆ ವರ್ಷ ಶುಕ್ರವಾರ ಬಂದುದರಿಂದ ಮೂರು ದಿನದ ರಜೆ ಒಟ್ಟಿಗೆ ಸಿಕ್ಕಿತು. ಪುಷ್ಪಗಿರಿ ವನ್ಯಧಾಮದೊಳಗಿನ 1,712 ಮೀಟರು ಎತ್ತರದ ಕುಮಾರಪರ್ವತಕ್ಕೆ ಸಾವಿರಾರು ಮಂದಿ ಏಕಕಾಲದಲ್ಲಿ ನುಗ್ಗಿದರು. ಕಾಡಿನ ಕಾಲುದಾರಿಯಲ್ಲಿ ಸಿನಿಮಾ ಮಂದಿರದ ಮುಂದಿನಂತೆ ಜನ ಸಾಲುಗಟ್ಟಿ ನಿಂತ ಚಿತ್ರಗಳು ಊರೂರಿಗೂ ಹರಿದಾಡಿದವು. ಬೆಂಗಳೂರಿನ ಜನದಟ್ಟಣೆಯಿಂದ ಓಡಿಹೋದವರು ಅದನ್ನೇ ಹೆಗಲ ಮೇಲೆ ಹೊತ್ತು ಬೆಟ್ಟ ಹತ್ತಿದ್ದರು! ಸರಕಾರವು ಒಡನೆಯೇ, ಆನ್‌ಲೈನ್ ಮುಂಗಡ ನೋಂದಣಿಯ ಏರ್ಪಾಡಿಲ್ಲದ ಕಡೆಗಳಲ್ಲಿ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ವೆಂಬ ಜಾಲತಾಣವು ತೆರೆಯಿತು, ಒಂದೊಂದು ದಾರಿಗೆ ದಿನಕ್ಕೆ 300 ಮಂದಿ ಎಂಬ ಮಿತಿಯೂ ಬಂತು.

ಈ ಮಿತಿಯನ್ನು ನಾವು ಸ್ವಾಗತಿಸುತ್ತೇವೆ. ಶೋಲಾ ಕಾಡೂ ಹುಲ್ಲುಗಾವಲೂ ಸಾವಿರ ಜೊತೆ ಕಾಲುಗಳನ್ನು ತಡೆದುಕೊಳ್ಳಲಾರವು. ಆದರೆ ತಲೆ ಎಣಿಸುವುದು ಒಂದು, ತಲೆಯೊಳಗೆ ಏನಿದೆಯೆಂದು ಕೇಳುವುದು ಇನ್ನೊಂದು. ಟಿಕೆಟ್ಟು ಕೊಡುವ ಯಂತ್ರಕ್ಕೆ ಹಣ ತೆತ್ತ ಒಬ್ಬೊಬ್ಬ ವ್ಯಕ್ತಿ ಕಾಣುತ್ತಾನೆಯೇ ಹೊರತು, ಆರು ತಿಂಗಳಿಂದ ಒಟ್ಟಿಗೆ ನಡೆದು ಅಭ್ಯಾಸ ಮಾಡಿದ ಗುಂಪು ಕಾಣುವುದಿಲ್ಲ. ಬೇಗ ಎಚ್ಚರಗೊಂಡು ಬೇಗ ಗುಂಡಿ ಒತ್ತಿದವನಿಗೆ ಬೆಟ್ಟ. ರಾತ್ರಿಪಾಳಿ ಮುಗಿಸಿ ಮಲಗಿದ್ದ ಪೀಣ್ಯದ ಹುಡುಗನಿಗೆ ಯಾವುದು? ಇನ್ನು ರಾತ್ರಿಯ ಮಾತು. ಸ್ಕಂದಗಿರಿಯಲ್ಲಿ ರಾತ್ರಿ ಹತ್ತುವುದನ್ನು ನಿಷೇಧಿಸಿದುದು ಎಲ್ಲರಿಗೂ ತಿಳಿದದ್ದೇ. ಕುಡಿದು ಕೂಗಾಡುವವರನ್ನು ತಡೆಯಲು ಹೊರಟ ನಿಯಮವು ಕುಡಿಯದವರನ್ನೂ ತಡೆಯಿತು. ನಿಯಮಗಳ ಸ್ವಭಾವವೇ ಅಂತಹುದು. ಹೀಗೆ ಮಾರಾಟಗಾರನು ಶಿಬಿರದ ಜೀವವನ್ನು ತೆಗೆದನು. ಉಳಿದ ದೇಹವನ್ನು ನಿಷೇಧವು ತೆಗೆಯಿತು.

ಶಿಬಿರದ ಜೀವವೆಂದರೇನು? ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ. ಏಕೆಂದರೆ ನಮ್ಮ ಮನೆಗಳಲ್ಲಿ ಇದನ್ನು ವನಭೋಜನದ ಒಂದು ಭೇದವೆಂದು ತಿಳಿದವರೇ ಹೆಚ್ಚು. ಹಗಲು ಬೆಟ್ಟ ಹತ್ತಿ ಇಳಿಯುವುದಕ್ಕೆ ಕಾಲು ಸಾಕು. ರಾತ್ರಿ ಉಳಿಯುವುದಕ್ಕೆ ಒಬ್ಬರಿಗೊಬ್ಬರು ಬೇಕು. ಸೂರ್ಯ ಮುಳುಗುವುದಕ್ಕೆ ಎರಡು ಗಂಟೆ ಮೊದಲೇ ನೆಲ ನೋಡಬೇಕು: ಇದು ಒಣಗಿದ ಹಳ್ಳವೇ, ಮೇಲೆಲ್ಲೋ ಮಳೆ ಬಿದ್ದರೆ ಇಲ್ಲಿ ನೀರು ನುಗ್ಗುವುದೇ? ಗಾಳಿ ಯಾವ ಕಡೆಯಿಂದ? ಒಣಹುಲ್ಲಿನ ಕಾಲದಲ್ಲಿ ಒಲೆ ಹೂಡುವುದು ಕಾಡಿಗೆ ದ್ರೋಹ. ಹಾಗಿದ್ದರೆ ಬುತ್ತಿ ಕಟ್ಟಿಕೊಂಡೇ ಬರಬೇಕಲ್ಲವೇ? ನೀರು ಎಷ್ಟು ಉಳಿದಿದೆ, ಅದನ್ನು ಹಂಚುವವರು ಯಾರು? ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವನು ಬಂದನೇ? ಈ ಕೊನೆಯ ಪ್ರಶ್ನೆಯಲ್ಲಿ ಒಂದು ವಿದ್ಯಾಭ್ಯಾಸವೇ ಅಡಗಿದೆ. ಪರೀಕ್ಷೆಗಳಲ್ಲಿಯೂ ಕೆಲಸದ ಸಂದರ್ಶನಗಳಲ್ಲಿಯೂ ನಾವು ನಮ್ಮ ಮಕ್ಕಳಿಗೆ ಹಿಂದೆ ಬಿದ್ದವನನ್ನು ಹಿಂದೆಯೇ ಬಿಟ್ಟು ಓಡುವುದನ್ನು ಕಲಿಸಿದ್ದೇವೆ. ಬೆಟ್ಟದಲ್ಲಿ ಮಾತ್ರ ಗುಂಪಿನ ವೇಗವು ಅತ್ಯಂತ ನಿಧಾನವಾದವನ ವೇಗ. ಸರದಿಯಂತೆ ಎಚ್ಚರವಿದ್ದು ಉಳಿದವರ ನಿದ್ದೆಯನ್ನು ಕಾಯುವ ಹತ್ತೊಂಬತ್ತು ವರ್ಷದ ಹುಡುಗನಿಗೆ, ತನ್ನ ಮೇಲೆ ಹತ್ತು ಮಂದಿಯ ಭಾರವಿದೆಯೆಂಬ ಅರಿವು ಬಹುಶಃ ಜೀವಮಾನದಲ್ಲಿ ಮೊದಲ ಬಾರಿಗೆ ಆಗುತ್ತದೆ. ಬಾಡಿಗೆಯ ಗುಡಾರದಲ್ಲಿ ಮಲಗಿದವನಿಗೆ ಇದು ಆಗಲಾರದು. ಅವನ ಪಾಲಿನ ಎಚ್ಚರವನ್ನು ಅವನು ಹಣ ಕೊಟ್ಟು ಇನ್ನೊಬ್ಬನಿಗೆ ವಹಿಸಿದ್ದಾನೆ.

ಅಪಾಯವಿಲ್ಲವೇ ಎಂದು ಕೇಳುವಿರಿ. ಇದೆ. ಸಾವನದುರ್ಗದ ಬಂಡೆಯು ಮಳೆಯಲ್ಲಿ ಎಣ್ಣೆ ಸವರಿದಂತೆ ಜಾರುತ್ತದೆ. ಅಲ್ಲಿಯೂ ದೇವರಾಯನದುರ್ಗದ ಸುತ್ತಲೂ ಕರಡಿ ಚಿರತೆಗಳುಂಟು. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲಕ್ಕೆ ಹೋಗಿದ್ದ ಕರ್ನಾಟಕದ 22 ಮಂದಿಯ ತಂಡವು ಹಿಮದ ಬಿರುಗಾಳಿಗೆ ಸಿಕ್ಕಿ 9 ಮಂದಿ ತೀರಿಕೊಂಡರು. ಅವರು ಹುಡುಗಾಟದ ಮಂದಿಯಲ್ಲ. ಮಧ್ಯವಯಸ್ಸಿನವರೂ ಹಿರಿಯರೂ ಅವರಲ್ಲಿದ್ದರು. ಆ ಸಾವುಗಳನ್ನು ವಾದಕ್ಕೆ ಬಳಸಿಕೊಳ್ಳಲು ನಮಗೆ ಮನಸ್ಸಿಲ್ಲ. ಬಳಸುವವರಿಗೆ ಇಷ್ಟು ಹೇಳಬಹುದು: ನಾಲ್ಕು ಸಾವಿರ ಮೀಟರಿಗೂ ಮೇಲಿನ ಹಿಮಾಲಯದ ಕಣಿವೆಗೂ ಶಿವಗಂಗೆಯ ಬುಡದ ಬಯಲಿಗೂ ಒಂದೇ ಅಳತೆಗೋಲು ಹಿಡಿಯುವುದು ವಿವೇಕವಲ್ಲ. ತಗ್ಗಿನ ಬೆಟ್ಟದಲ್ಲಿ ಹತ್ತು ರಾತ್ರಿ ಕಳೆದು ಹಿಂದಿರುಗುವುದನ್ನು, ಅಂದರೆ ಶಿಖರ ಕಣ್ಣೆದುರಿಗಿದ್ದರೂ ಮೋಡ ಕಂಡು ಇಳಿದುಬರುವುದನ್ನು ಕಲಿತವನು ಎತ್ತರದ ಬೆಟ್ಟಕ್ಕೆ ಹೋಗಲಿ. ಅಭ್ಯಾಸದ ಬೆಟ್ಟಗಳನ್ನು ಮುಚ್ಚಿದರೆ ತರುಣರು ಅಭ್ಯಾಸವಿಲ್ಲದೆಯೇ ದೂರದ ಬೆಟ್ಟಗಳಿಗೆ ಹೋಗುವರು. ಬಸ್ಸಿನವನು ಅವರನ್ನು ಬೇಡವೆನ್ನುವುದಿಲ್ಲ.

ಹೆಣ್ಣುಮಕ್ಕಳ ಪ್ರಶ್ನೆಯನ್ನು ಎತ್ತುವ ಮಹನೀಯರುಂಟು. ಕಂಪೆನಿಯ ವಾಹನದಲ್ಲಿ ಮಗಳನ್ನು ರಾತ್ರಿಪಾಳಿಗೆ ಕಳುಹಿಸಿ ನೆಮ್ಮದಿಯಾಗಿ ನಿದ್ರಿಸುವ ಮನೆಯವರೇ, ಅವಳು ಹತ್ತು ಮಂದಿ ಗೆಳತಿಯರೊಡನೆಯೂ ಇಬ್ಬರು ಶಿಕ್ಷಕಿಯರೊಡನೆಯೂ ಬೆಟ್ಟದ ಬುಡದಲ್ಲಿ ಮಲಗುತ್ತೇನೆಂದರೆ ಹೌಹಾರುತ್ತಾರೆ. ಸಂಬಳ ಬರುವ ರಾತ್ರಿ ಸುರಕ್ಷಿತ, ಸಂಬಳವಿಲ್ಲದ ರಾತ್ರಿ ಭಯಂಕರ! ನಮ್ಮ ಹಿರಿಯರನ್ನು ಈ ವಿಷಯದಲ್ಲಿ ಅಡ್ಡ ತರುವುದು ನ್ಯಾಯವಲ್ಲ. ಶಿವರಾತ್ರಿಗೂ ಯುಗಾದಿಗೂ ಕನಕಪುರದ ದಾರಿಯಾಗಿ, ಸಂಗಮದಲ್ಲಿ ಕಾವೇರಿಯನ್ನು ದಾಟಿ, ಕಾಡಿನ ನಡುವೆ ಮಲೆಯ ಮಹದೇಶ್ವರನ ಸನ್ನಿಧಿಗೆ ಜನ ಇಂದಿಗೂ ನಡೆದೇ ಹೋಗುತ್ತಾರೆ. ಅದೇ ಬೆಟ್ಟದಲ್ಲಿ ದೀಪಾವಳಿಯ ಹಾಲರವಿ ಉತ್ಸವಕ್ಕೆ ಬೇಡಗಂಪಣ ಸಮುದಾಯದ 101 ಮಂದಿ ಬಾಲೆಯರು ಕಾಡಿನ ಹಳ್ಳದಿಂದ ಕುಂಭ ಹೊತ್ತು ಬರುತ್ತಾರೆ. ಬೆಟ್ಟವು ಹೆಣ್ಣಿಗೆ ಸಲ್ಲದೆಂದು ಹೇಳಿಕೊಟ್ಟವರು ಆ ಹಿರಿಯರಲ್ಲ.

ಹೊರದೇಶಗಳ ಎರಡು ಸಂಗತಿಗಳನ್ನು ಇಲ್ಲಿ ಹೇಳಬೇಕು. 1907ರ ಆಗಸ್ಟಿನಲ್ಲಿ ಬೇಡನ್ ಪೊವೆಲನು ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಹುಡುಗರ ಶಿಬಿರವನ್ನು ನಡೆಸಿದನು. ಸ್ಕೌಟು ಚಳವಳಿಯ ಬೀಜ ಅದೇ. ಆತನು ಸಾಮ್ರಾಜ್ಯದ ಸೈನಿಕ. ಆತನ ಎಲ್ಲ ಅಭಿಪ್ರಾಯಗಳೂ ನಮಗೆ ಬೇಕಿಲ್ಲ. ಆದರೆ ಆ ಹುಡುಗರಲ್ಲಿ ಶ್ರೀಮಂತರ ಶಾಲೆಗಳವರೂ ಕೂಲಿಕಾರರ ಮಕ್ಕಳೂ ಬೆರೆತಿದ್ದರೆಂಬುದನ್ನು ಮರೆಯಬಾರದು. ಎರಡನೆಯದು ಇನ್ನೂ ಮುಖ್ಯ. 1909ರ ಆಗಸ್ಟ್ 26ರಂದು ಜರ್ಮನಿಯ ರಿಚರ್ಡ್ ಶಿರ್ಮನ್ ಎಂಬ ಉಪಾಧ್ಯಾಯನು ತನ್ನ ವಿದ್ಯಾರ್ಥಿಗಳೊಡನೆ ಕಾಲ್ನಡೆಯ ಪ್ರವಾಸದಲ್ಲಿದ್ದಾಗ ಗುಡುಗುಮಳೆಗೆ ಸಿಕ್ಕಿಬಿದ್ದು, ರಜೆಯಲ್ಲಿ ಖಾಲಿ ಬಿದ್ದಿದ್ದ ಒಂದು ಹಳ್ಳಿಯ ಶಾಲೆಯಲ್ಲಿ ರಾತ್ರಿ ಕಳೆದನು. ರಜೆಯ ದಿನಗಳಲ್ಲಿ ಎಲ್ಲ ಶಾಲೆಗಳೂ ನಡೆದುಬರುವ ತರುಣರಿಗೆ ಏಕೆ ತೆರೆದಿರಬಾರದು ಎಂದು ಆ ರಾತ್ರಿ ಅವನಿಗೆ ಹೊಳೆದುದರಿಂದಲೇ ಜಗತ್ತಿನ ಯೂತ್ ಹಾಸ್ಟೆಲುಗಳು ಹುಟ್ಟಿದವು. ಅದೇ ನಾಡಿನಲ್ಲಿ 1933ರ ಬಳಿಕ ಹಿಟ್ಲರನ ಯುವದಳವು ಆ ತಂಗುದಾಣಗಳನ್ನು ವಶಪಡಿಸಿಕೊಂಡಿತೆಂಬುದೂ ನಿಜ. ಆದಕಾರಣ ಶಿಬಿರಗಳನ್ನು ಯಾವ ಪಕ್ಷದ ಕೈಗೂ ಯಾವ ಮಂತ್ರಿಯ ಮೆರವಣಿಗೆಗೂ ಒಪ್ಪಿಸಬಾರದೆಂಬುದು ನಮ್ಮ ನಿಬಂಧನೆ.

ಇನ್ನು ಕೇಳುವುದನ್ನು ಕೇಳಿಬಿಡೋಣ. ಬೆಟ್ಟದ ನೆತ್ತಿಯ ಮೇಲೆ ಗುಡಾರ ಬೇಡ. ಕಾಡು ರಾತ್ರಿ ಕಾಡಿನ ಪ್ರಾಣಿಗಳದಾಗಿರಲಿ. ಬೆಟ್ಟದ ಬುಡದ ಹಳ್ಳಿಗಳಲ್ಲಿ, ಶಾಲೆಯ ಜಗಲಿಯಲ್ಲಿಯೋ ಪಂಚಾಯಿತಿಯ ಬಯಲಿನಲ್ಲಿಯೋ, ನೋಂದಾಯಿಸಿದ ತರುಣಸಂಘಗಳಿಗೆ ಶನಿವಾರದ ಒಂದು ರಾತ್ರಿ ತಂಗಲು ಅನುಮತಿ ಕೊಡಿ. ಇದೇನು ಹೊಸತಲ್ಲ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಕಾಲೇಜು ಹುಡುಗರು ಏಳು ದಿನಗಳ ಶಿಬಿರಕ್ಕೆ ಬಂದಾಗ ಹಳ್ಳಿಯ ಶಾಲೆಗಳಲ್ಲಿಯೇ ಮಲಗುತ್ತಾರೆ. ಕಾಲೇಜಿನ ಹುಡುಗನಿಗೆ ತೆರೆಯುವ ಬಾಗಿಲು ಕಾರ್ಖಾನೆಯ ಹುಡುಗನಿಗೆ ಏಕೆ ಮುಚ್ಚಿರಬೇಕು? ನಾಯಕರನ್ನು ತರಬೇತುಮಾಡಲು ಜನರಲ್ ತಿಮ್ಮಯ್ಯನವರ ಹೆಸರಿನ ಸಾಹಸ ಅಕಾಡೆಮಿ ರಾಜ್ಯದಲ್ಲಿಯೇ ಇದೆ. ಪೀಣ್ಯದ ಒಂದೊಂದು ದೊಡ್ಡ ಕಾರ್ಖಾನೆಯೂ ವರ್ಷಕ್ಕೆ ಇಬ್ಬರು ಹುಡುಗರನ್ನು ಸಂಬಳ ಕಡಿಯದೆ ಅಲ್ಲಿಗೆ ಕಳುಹಿಸಲಿ. ಹಳ್ಳಿಯವರಿಗೆ ತಲೆಗಿಷ್ಟೆಂದು ಸಲ್ಲಿಸುವ ಹಣ ಆ ಶಾಲೆಗೇ ಹೋಗಲಿ. ತಂದ ಕಸವನ್ನು ಹೊತ್ತು ಹಿಂದಿರುಗದ ಸಂಘಕ್ಕೆ ಮರುವರ್ಷ ಅನುಮತಿ ಬೇಡ. ಹೊಣೆ ಯಾರದೆಂದು ಅಧಿಕಾರಿಗಳು ಕೇಳಿದರೆ, ಗುಂಪಿನ ಹಿರಿಯನೊಬ್ಬನು ರುಜು ಹಾಕಲಿ. ಆ ರುಜುವಿಗೆ ನಮ್ಮ ಸಾಹಿತ್ಯ ಸಂಘದಂತಹ ಸಂಸ್ಥೆಗಳು ಜೊತೆಯ ರುಜು ಹಾಕಲು ಹಿಂಜರಿಯಬಾರದು. ಗ್ರಂಥಗಳಲ್ಲಿ ಮಲೆನಾಡನ್ನು ವರ್ಣಿಸಿ ಚಪ್ಪಾಳೆ ಗಳಿಸುವ ನಾವು ಇಷ್ಟಾದರೂ ಮಾಡದಿದ್ದರೆ ಹೇಗೆ?

ನಾಗಸಂದ್ರದಿಂದ ಇದೇ ತುಮಕೂರು ರಸ್ತೆ ಹಿಡಿದು ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿದರೆ ಶಿವಗಂಗೆ, ಬಲಕ್ಕೆ ತಿರುಗಿದರೆ ದೇವರಾಯನದುರ್ಗ. ಹದಿನೈದು ಮಂದಿಯ ಗುಂಪಿಗೆ ಬೇಕಾದುದು ಬಸ್ಸಿನ ಟಿಕೆಟ್ಟು, ಆರು ಸೇರು ಅಕ್ಕಿ, ಬೇಳೆ, ನಾಲ್ಕು ಟಾರ್ಚು, ಗಾಯಕ್ಕೆ ಔಷಧಿಯ ಒಂದು ಪೆಟ್ಟಿಗೆ, ಬಾಡಿಗೆಗೆ ತಂದ ಎರಡು ಪಾತ್ರೆ. ಮಳೆ ನಿಂತು, ಹುಲ್ಲು ಇನ್ನೂ ಪೂರ್ತಿ ಒಣಗದಿರುವ ನವೆಂಬರು ಡಿಸೆಂಬರುಗಳೇ ಇದಕ್ಕೆ ತಕ್ಕ ಕಾಲ. ಅನುಮತಿಯ ಅರ್ಜಿಯನ್ನು ದಸರೆಯೊಳಗೆ ಪಂಚಾಯಿತಿಗೂ ಅರಣ್ಯ ಇಲಾಖೆಗೂ ತಲುಪಿಸಬೇಕಾಗುತ್ತದೆ.