ಬಸ್ಸಿನ ಸ್ಪೀಡು ಡ್ರೈವರನ್ನೇ ಕೇಳಬೇಕಾ?

ಅಪಘಾತದ ಸುದ್ದಿ ಬರೆಯುವಾಗ ನಮ್ಮ ಕೈಗೆ ತಾನಾಗೇ ಬರುವ ಸಾಲೊಂದಿದೆ: 'ಅತಿವೇಗ ಹಾಗೂ ಅಜಾಗರೂಕತೆಯ ಚಾಲನೆಯೇ ಕಾರಣ.' ಠಾಣೆಯ ದೂರಿನಲ್ಲಿದ್ದದ್ದನ್ನೇ ಇಳಿಸಿ ಕಳಿಸುತ್ತೇವೆ. ಅತಿವೇಗ ಅಂದರೆ ಎಷ್ಟು ಅಂತ ಡೆಸ್ಕಿನವರು ಕೇಳಲ್ಲ, ನಾವೂ ಕೇಳಿಕೊಂಡಿರಲಿಲ್ಲ.

ಕೇಳಿಕೊಳ್ಳುವಂತೆ ಮಾಡಿದ್ದು ಒಂದು ಹಳ್ಳಿ ಶಾಲೆ. ಶಾಲೆಯ ಗೇಟು, ಅದರ ಮುಂದೇ ಹೆದ್ದಾರಿ. ಬೇರೆ ಯಾವುದೋ ವರದಿಗೆ ಹೋಗಿದ್ದ ನಾವು ಏಳನೇ ತರಗತಿ ಮಕ್ಕಳನ್ನು ಮಾತಾಡಿಸಿದೆವು. "ಜವ ಅಂದರೇನು?" "ದೂರ ಭಾಗಿಸು ಕಾಲ!" ಅಂತ ಇಡೀ ತರಗತಿ ಒಂದೇ ದನಿಯಲ್ಲಿ ಹೇಳಿತು. "ಹಾಗಾದ್ರೆ ಈಗ ಹೋಯ್ತಲ್ಲ ಬಸ್ಸು, ಅದು ಎಷ್ಟು ಸ್ಪೀಡಲ್ಲಿತ್ತು?" ಎಲ್ಲರೂ ಗಪ್‌ಚುಪ್. ಕೊನೆಗೆ ಹಿಂದಿನ ಸಾಲಿನ ಹುಡುಗ ಎದ್ದು, "ಅದನ್ನ ಡ್ರೈವರ್‌ನ ಕೇಳ್ಬೇಕು ಸಾರ್" ಅಂದ.

ನಕ್ಕೆವು. ಆದರೆ ತಪ್ಪು ಹುಡುಗನದಲ್ಲ. ಪುಸ್ತಕದ 'ಜವ'ಕ್ಕೂ ಊರಿನ 'ಸ್ಪೀಡಿ'ಗೂ ಸಂಬಂಧ ಇದೆ ಅಂತ ಅವನಿಗೆ ಯಾರೂ ತೋರಿಸಿಲ್ಲ. ಸೂತ್ರ ಬಾಯಿಗೆ ಬಂದಿದೆ, ಕೈಗೆ ಬಂದಿಲ್ಲ.

ಕೈಗೆ ಬರಿಸಲು ಲ್ಯಾಬ್ ಬೇಕಿಲ್ಲ. ಅವತ್ತು ಮೇಷ್ಟ್ರ ಒಪ್ಪಿಗೆ ಪಡೆದು ಮಾಡಿದ್ದನ್ನೇ ಹೇಳುತ್ತೇವೆ. ಶಾಲೆ ಕಾಂಪೌಂಡಿನ ಉದ್ದಕ್ಕೂ ಟೇಪು ಹಿಡಿದು 50 ಮೀಟರ್ ಅಳೆದು, ಎರಡು ತುದಿಗೂ ಸುಣ್ಣದ ಗುರುತು ಹಾಕಿದೆವು. ಮಕ್ಕಳೆಲ್ಲ ಕಾಂಪೌಂಡಿನ ಒಳಗೇ. ಗಾಡಿ ಮೊದಲ ಗುರುತು ದಾಟಿದಾಗ ಅಲ್ಲಿದ್ದವನು ಕೈ ಎತ್ತಬೇಕು, ಇನ್ನೊಂದು ತುದಿಯಲ್ಲಿದ್ದವನು ಮೊಬೈಲಿನ ಸ್ಟಾಪ್‌ವಾಚ್ ಒತ್ತಬೇಕು, ತನ್ನ ಮುಂದೆ ಬಂದಾಗ ನಿಲ್ಲಿಸಬೇಕು.

ಲೆಕ್ಕ ಸುಲಭ. 180ನ್ನು ಸೆಕೆಂಡಿನಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಅಂತ ಬರುತ್ತದೆ. 6 ಸೆಕೆಂಡ್ ತೆಗೆದುಕೊಂಡರೆ 30, 4.5 ಸೆಕೆಂಡ್ ಆದರೆ 40, 3 ಸೆಕೆಂಡ್ ಆದರೆ 60. ಗುರುತಿನ ದೂರ 50 ಮೀಟರ್ ಇದ್ದರೆ ಮಾತ್ರ ಈ 180. ಯಾಕೆ 180 ಅಂತ ಮಕ್ಕಳೇ ಬಿಡಿಸಲಿ, ಗಣಿತದ ಪೀರಿಯಡ್ಡೂ ಆಯಿತು. ಬೆರಳು ಅರ್ಧ ಸೆಕೆಂಡ್ ತಡವಾದರೆ 60 ಇದ್ದದ್ದು 51 ಆಗಿಬಿಡುತ್ತದೆ. ಅದಕ್ಕೇ ಮೂವರು ಅಳೆದು ಸರಾಸರಿ ತೆಗೆಯಬೇಕು.

ಮೊಬೈಲ್ ಇಲ್ಲವೇ? ಒಂದು ಮೀಟರ್ ದಾರಕ್ಕೆ ಕಲ್ಲು ಕಟ್ಟಿ ತೂಗುಬಿಡಿ. ಹೋಗಿ ಬರಲು ಸುಮಾರು 2 ಸೆಕೆಂಡ್. ದಾರವನ್ನು 25 ಸೆಂಟಿಮೀಟರಿಗೆ ಇಳಿಸಿದರೆ 1 ಸೆಕೆಂಡ್. ಕಲ್ಲು ದಪ್ಪ ಇರಲಿ ಸಣ್ಣದಿರಲಿ, ಕಾಲ ಬದಲಾಗಲ್ಲ. ಪಾಠದಲ್ಲಿ ಬರುವ ಸರಳ ಲೋಲಕ ಅಂದರೆ ಇದೇ. 400 ವರ್ಷದ ಹಿಂದೆ ಗೆಲಿಲಿಯೊ ಇಳಿಜಾರಿನಲ್ಲಿ ಗುಂಡು ಉರುಳಿಸಿ ಚಲನೆ ಅಳೆದಾಗ ಅವನ ಹತ್ತಿರ ಸೆಕೆಂಡ್ ತೋರಿಸುವ ಗಡಿಯಾರವೇ ಇರಲಿಲ್ಲ. ಪಾತ್ರೆಯಿಂದ ಸಣ್ಣ ಧಾರೆಯಲ್ಲಿ ಬಿದ್ದ ನೀರನ್ನು ತೂಗಿ ಕಾಲ ಲೆಕ್ಕ ಹಾಕಿದ. ಲೋಲಕದ ಗಡಿಯಾರವನ್ನು ಹೈಗೆನ್ಸ್ ರೂಪಿಸಿದ್ದು ಆಮೇಲೆ, 1656ರಲ್ಲಿ. ಸಾಮಾನು ಇಲ್ಲ ಅನ್ನುವ ಮಾತು ಇಲ್ಲಿ ನಿಲ್ಲಲ್ಲ.

ಇನ್ನು ನಾವು ಇಷ್ಟು ಒತ್ತಿ ಹೇಳಲು ಕಾರಣ. 60ರಲ್ಲಿ ಬರುವ ಬಸ್ಸು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಬರುತ್ತದೆ. ಡ್ರೈವರ್ ಮಗುವನ್ನು ಕಂಡು ಬ್ರೇಕಿಗೆ ಕಾಲಿಡಲು ಒಂದು ಸೆಕೆಂಡ್ ಹಿಡಿದರೂ ಅಷ್ಟು ದೂರ ಮುಗಿದಿರುತ್ತದೆ, ಬಸ್ಸು ನಿಲ್ಲುವುದು ಅದಕ್ಕೂ ಮುಂದೆ. 7 ಮೀಟರ್ ಅಗಲದ ರಸ್ತೆಯನ್ನು ನಡೆದು ದಾಟಲು ಮಗುವಿಗೆ ಸುಮಾರು 6 ಸೆಕೆಂಡ್ ಬೇಕು. ಅಷ್ಟರಲ್ಲಿ ಬಸ್ಸು 100 ಮೀಟರ್ ಬಂದಿರುತ್ತದೆ. ಅಂದರೆ ನಾವು ಅಳೆದ ಗುರುತಿನ ಎರಡರಷ್ಟು. 'ಬಸ್ಸು ಇನ್ನೂ ದೂರ ಐತೆ' ಅಂತ ಓಡುವ ಮಗುವಿಗೆ ಆ ದೂರ ಸಾಲುತ್ತದೋ ಇಲ್ಲವೋ ಗೊತ್ತಿರಬೇಕು. 'ನೋಡಿಕೊಂಡು ದಾಟು ಮಗಾ' ಅಂತ ನಾವು ಹೇಳುತ್ತೇವೆ. ಏನು ನೋಡಬೇಕು ಅಂತ ಹೇಳಲ್ಲ.

ಹಾಗಂತ ಭಾರವನ್ನೆಲ್ಲ ಮಕ್ಕಳ ತಲೆ ಮೇಲೆ ಹಾಕುವುದಲ್ಲ. ಹಂಪು ಹಾಕಿಸುವುದು, ಬೋರ್ಡು ನಿಲ್ಲಿಸುವುದು ದೊಡ್ಡವರ ಕೆಲಸ. ಆದರೆ ಗ್ರಾಮಸಭೆಯಲ್ಲಿ 'ಗಾಡಿಗಳು ಜೋರಾಗಿ ಬರ್ತವೆ ಸ್ವಾಮಿ' ಅಂದರೆ ಬರೆದುಕೊಂಡು ಸುಮ್ಮನಾಗುತ್ತಾರೆ. ತಾರೀಖು, ಸಮಯ, ಸ್ಪೀಡು ಬರೆದ ಮಕ್ಕಳ ನೋಟ್‌ಬುಕ್ ಮುಂದಿಟ್ಟರೆ ಹಾಗೆ ತಳ್ಳಿಹಾಕುವುದು ಕಷ್ಟ.

ಮೇಷ್ಟ್ರಿಗೆ ಸಿಲಬಸ್ ಮುಗಿಸುವ ಅವಸರ, ಮೇಲೆ ನೂರೆಂಟು ಕೆಲಸ ಅನ್ನುವುದು ನಮಗೂ ಗೊತ್ತು. ನಾವು ಕೇಳುತ್ತಿರುವುದು ಒಂದು ಶನಿವಾರದ ಒಂದು ಪೀರಿಯಡ್. ಟೇಪನ್ನು ಊರಿನ ಗಾರೆ ಮೇಸ್ತ್ರಿ ಕೊಡುತ್ತಾನೆ. ಮೊಬೈಲನ್ನು ಎಸ್‌ಡಿಎಂಸಿಯವರು ಯಾರಾದರೂ ಕೊಡಲಿ.

ನಾವೂ ಒಂದು ತೀರ್ಮಾನ ಮಾಡಿದ್ದೇವೆ. ಮುಂದೆ ಅಪಘಾತದ ಸುದ್ದಿ ಬರೆಯುವಾಗ, ಆ ಜಾಗದಲ್ಲಿ ಗಾಡಿಗಳು ಸಾಮಾನ್ಯವಾಗಿ ಎಷ್ಟು ಸ್ಪೀಡಲ್ಲಿ ಬರುತ್ತವೆ ಅಂತ ಅಳೆದೇ ಬರೆಯುತ್ತೇವೆ. 50 ಮೀಟರ್ ಅಳೆಯಲು ಟೇಪು ಈಗ ನಮ್ಮ ಬೈಕಿನ ಡಿಕ್ಕಿಯಲ್ಲೇ ಇದೆ.